ಸೊಂಟದ ಗಡಿಯಾರ

ಪ್ರಶ್ನೆ: ಕಂಪ್ಯೂಟರ್ ಮುಂದೆ ನೆಟ್ಟಗೆ ಕೂತರೂ ಐದೇ ನಿಮಿಷಕ್ಕೆ ಬೆನ್ನು ಬಾಗುತ್ತದೆ. ಫೆಲ್ಡೆನ್‌ಕ್ರೈಸ್ ಪದ್ಧತಿಯ ‘ಸೊಂಟದ ಗಡಿಯಾರ’ ಮಾಡುವುದು ಹೇಗೆ?

ಉತ್ತರ: ಎದೆ ಸೆಟೆಸಿ ಕೂತರೆ ಬೆನ್ನಿನ ಸ್ನಾಯುಗಳು ಬೇಗ ದಣಿಯುತ್ತವೆ, ಬಾಗುವುದು ಅದಕ್ಕೇ. ಭೌತವಿಜ್ಞಾನಿಯೂ ಜೂಡೊ ಪಟುವೂ ಆಗಿದ್ದ ಮೋಶೆ ಫೆಲ್ಡೆನ್‌ಕ್ರೈಸ್ (1904–1984) ಅವರ ಪಾಠಗಳು ಬಲ ಹೆಚ್ಚಿಸುವುದಕ್ಕಿಂತ ಚಲನೆಯನ್ನು ಗಮನಿಸಲು ಕಲಿಸುತ್ತವೆ.

ಚಾಪೆಯ ಮೇಲೆ ಅಂಗಾತ ಮಲಗಿ. ಮೆತ್ತನೆಯ ಹಾಸಿಗೆ ಬೇಡ, ನೆಲದ ಒತ್ತಡ ತಿಳಿಯುವುದಿಲ್ಲ. ಮಂಡಿ ಮಡಚಿ, ಪಾದಗಳನ್ನು ಸೊಂಟದಗಲ ಇಡಿ. ಸೊಂಟದ ಹಿಂಭಾಗದಲ್ಲಿ ಗಡಿಯಾರ ಕಲ್ಪಿಸಿಕೊಳ್ಳಿ: ನಡುವಿನ (ಬೆನ್ನಿನ ಕೆಳಭಾಗದ) ಕಡೆ 12, ಬಾಲದ ಮೂಳೆಯ ಕಡೆ 6. ಭಾರವನ್ನು 12ಕ್ಕೆ ಉರುಳಿಸಿದಾಗ ನಡು ನೆಲಕ್ಕೆ ಹತ್ತಿರವಾಗುತ್ತದೆ, 6ಕ್ಕೆ ಬಂದಾಗ ಕಮಾನಾಗುತ್ತದೆ. ನಿಧಾನವಾಗಿ ಎಂಟು–ಹತ್ತು ಸಲ ಸಾಕು; ಒಂದು ನಿಮಿಷ ಸುಮ್ಮನೆ ಮಲಗಿ. ಆಮೇಲೆ 3 ಮತ್ತು 9, ಕೊನೆಗೆ ಪೂರ್ತಿ ಸುತ್ತು.

ಸುತ್ತಿನಲ್ಲಿ ಎಲ್ಲೋ ಒಂದೆರಡು ಅಂಕೆ ಹಾರಿಹೋಗುತ್ತದೆ. ಅಲ್ಲಿ ಜೋರು ಮಾಡಬೇಡಿ, ಸುತ್ತನ್ನೇ ನಾಣ್ಯದಷ್ಟು ಚಿಕ್ಕದಾಗಿಸಿ. ಹೆಚ್ಚಿನವರು ಇಲ್ಲೇ ಉಸಿರು ಕಟ್ಟುತ್ತಾರೆ, ಪೃಷ್ಠ ಬಿಗಿಯುತ್ತಾರೆ, ದವಡೆಯನ್ನೂ ಕಚ್ಚುತ್ತಾರೆ. ಆಗ ಸೂಕ್ಷ್ಮ ವ್ಯತ್ಯಾಸ ತಿಳಿಯುವುದೇ ಇಲ್ಲ. ಸಡಿಲವಾಗಿದ್ದರೆ ತಲೆಯೂ ತಾನಾಗಿ ತುಸು ಆಡುತ್ತದೆ.

ಬಳಿಕ ಕುರ್ಚಿಯ ಅಂಚಿನಲ್ಲಿ ಕೂತು ಇದೇ ಉರುಳುವಿಕೆ ಮಾಡಿ. ನೋವು ಕಾಲಿಗಿಳಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.