ಡೇಟ್ಸ್ ಬ್ಲಾಕ್ ಮಾಡ್ಕೊಳ್ಳಿ ಅಂದ್ರು, ಆಮೇಲೆ ಫೋನೇ ಬರಲಿಲ್ಲ

ಪ್ರಶ್ನೆ: ನನಗೆ 26 ವರ್ಷ. ನಟಿಯಾಗಬೇಕು ಅಂತ ಕಳೆದ ವರ್ಷ ಕೆಲಸ ಬಿಟ್ಟೆ. ಅಕ್ಕನ ಮನೆಯಲ್ಲಿದ್ದೇನೆ, ಖರ್ಚೆಲ್ಲ ಅವಳದೇ. ಎರಡು ಕಿರುಚಿತ್ರಗಳಲ್ಲಿ ಸಣ್ಣ ಪಾತ್ರ ಮಾಡಿದ್ದೇನೆ. ಮೂರು ತಿಂಗಳ ಹಿಂದೆ ಒಂದು ಸಿನಿಮಾದಲ್ಲಿ ನಾಯಕನ ತಂಗಿ ಪಾತ್ರಕ್ಕೆ ಎರಡು ಸಲ ಕರೆಸಿದರು. ಚೆನ್ನಾಗಿ ಮಾಡಿದ್ದೀರ, ಡೇಟ್ಸ್ ಬ್ಲಾಕ್ ಮಾಡ್ಕೊಳ್ಳಿ ಅಂದರು. ಅದನ್ನು ನಂಬಿ ಒಂದು ಜಾಹೀರಾತಿನ ಕೆಲಸ ಬಿಟ್ಟೆ. ಆಮೇಲೆ ಸುದ್ದಿಯೇ ಇಲ್ಲ. ಮೊನ್ನೆ ಪೋಸ್ಟರ್ ಬಂತು, ಅದರಲ್ಲಿ ಬೇರೆ ಹುಡುಗಿ ಇದ್ದಳು. ಅವತ್ತಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಫೋನ್ ಕೆಳಗಿಡಲು ಆಗುತ್ತಿಲ್ಲ. ಯಾರಾದರೂ ಸೆಲ್ಫ್ ಟೇಪ್ (ಮನೆಯಲ್ಲೇ ನಟಿಸಿ, ಶೂಟ್ ಮಾಡಿ ಕಳಿಸುವ ಆಡಿಶನ್ ವಿಡಿಯೊ) ಕೇಳಿದರೆ ರಾತ್ರಿಯೆಲ್ಲ ಟೇಕ್ ಮೇಲೆ ಟೇಕ್ ತೆಗೆಯುತ್ತೇನೆ, ಯಾವುದೂ ಸರಿ ಅನ್ನಿಸಲ್ಲ. ನನ್ನ ಜೊತೆ ಅಭಿನಯ ಕಲಿತ ಗೆಳತಿಗೆ ಧಾರಾವಾಹಿಯಲ್ಲಿ ಮುಖ್ಯ ಪಾತ್ರ ಸಿಕ್ಕಿದೆ. ಅವಳಿಗೆ ಫೋನ್ ಮಾಡಲೂ ಮನಸ್ಸಿಲ್ಲ. ಭಾನುವಾರ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತಿದ್ದೆ, ಅಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ. ಯಾವಾಗ ಕರೆ ಬರುತ್ತೋ ಅಂತ ಈಗ ಅದನ್ನೂ ಬಿಟ್ಟಿದ್ದೇನೆ. ಒಬ್ಬ ಕೋಆರ್ಡಿನೇಟರ್ ದುಡ್ಡು ಕಟ್ಟಿದರೆ ಪಾತ್ರ ಗ್ಯಾರಂಟಿ ಅನ್ನುತ್ತಿದ್ದಾರೆ. ಮೇಡಂ, ಇದೆಲ್ಲ ಬಿಟ್ಟುಬಿಡಲಾ? ಇಲ್ಲಾಂದ್ರೆ ಇನ್ನೆಷ್ಟು ವರ್ಷ ಕಾಯಬೇಕು?

ಹೆಸರು ಬೇಡ

ಉತ್ತರ: ಆ ಪೋಸ್ಟರ್ ನೋಡಿದಾಗ ಎಷ್ಟು ಸಂಕಟ ಆಗಿರಬೇಕು ಅಂತ ಊಹಿಸಬಲ್ಲೆ. ಇಲ್ಲ ಅಂತ ಮುಖಕ್ಕೆ ಹೇಳಿದ್ದರೆ ಅವತ್ತೊಂದು ದಿನ ಅತ್ತು ಮುಗಿಸುತ್ತಿದ್ದಿರಿ. ಏನೂ ಹೇಳದೆ ಬಿಟ್ಟಿದ್ದು ಜಾಸ್ತಿ ನೋಯಿಸಿದೆ.

ಆದರೆ ನಿಮ್ಮ ಪತ್ರದಲ್ಲಿ ನಾನು ಗಮನಿಸಿದ ಒಂದು ಸಂಗತಿ ಹೇಳಿಬಿಡುತ್ತೇನೆ. ಅಷ್ಟು ಉದ್ದದ ಪತ್ರದಲ್ಲಿ ನಟನೆ ನಿಮಗೆ ಖುಷಿ ಕೊಡುತ್ತದೆ ಅಂತ ಗೊತ್ತಾಗುವುದು ಭಾನುವಾರದ ನಾಟಕದ ಮಾತು ಬಂದಾಗ ಮಾತ್ರ. ಉಳಿದದ್ದೆಲ್ಲ ಫೋನು, ಪೋಸ್ಟರು, ಬಾರದ ಕರೆ. ನೀವು ಕೆಲಸ ಬಿಟ್ಟಿದ್ದು ನಟಿಸುವುದಕ್ಕೆ. ಈಗ ನೋಡಿದರೆ ಕಾಯುವುದೇ ನಿಮ್ಮ ಪೂರ್ತಿ ಕೆಲಸ ಆಗಿಬಿಟ್ಟಿದೆ. ಆ ಕೆಲಸಕ್ಕಾಗಿ ನಟನೆಯನ್ನೇ ಬಿಟ್ಟಿದ್ದೀರಿ! ‘ಬಿಟ್ಟುಬಿಡಲಾ?’ ಅಂತ ಕೇಳಿದ್ದೀರಲ್ಲ, ಬಿಡಬೇಕಾದ್ದು ಈ ಕಾಯುವ ಕೆಲಸವನ್ನು. ನಟನೆ ಬಿಡಬೇಕೋ ಬೇಡವೋ ಅನ್ನುವುದನ್ನು ಆಮೇಲೆ ನೋಡೋಣ. ಈಗಿನ ಮನಸ್ಥಿತಿಯಲ್ಲಿ ಅದನ್ನು ತೀರ್ಮಾನ ಮಾಡಬೇಡಿ.

ಮೊದಲು ಆ ‘ಡೇಟ್ಸ್ ಬ್ಲಾಕ್’ ವಿಚಾರ. ನಿಮಗೆ ಮೋಸ ಆಯಿತು ಅನ್ನಿಸುತ್ತಿದೆ. ಬಹುಶಃ ಮೋಸ ಅಲ್ಲ. ಒಂದು ಪಾತ್ರಕ್ಕೆ ಇಬ್ಬರು ಮೂವರನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ಈ ಕ್ಷೇತ್ರದಲ್ಲಿ ಮಾಮೂಲು. ಅಗ್ರಿಮೆಂಟ್‌ಗೆ ಸಹಿ ಬಿದ್ದು ಅಡ್ವಾನ್ಸ್ ಬರುವ ತನಕ ಅದಕ್ಕೆ ಒಳ್ಳೆಯ ಮಾತಿನ ಬೆಲೆ ಅಷ್ಟೇ. ಹಾಗಂತ ನೀವು ಬೇರೆ ಕೆಲಸ ಬಿಡಬೇಕಾಗಿಯೂ ಇರಲಿಲ್ಲ. ಜಾಹೀರಾತಿನವರು ಕರೆದ ದಿನವೇ ಸಿನಿಮಾದವರಿಗೆ ಫೋನ್ ಮಾಡಿ, ‘ಅದೇ ದಿನಗಳಿಗೆ ಇನ್ನೊಂದು ಕೆಲಸ ಬಂದಿದೆ. ನನ್ನನ್ನು ಖಚಿತ ಮಾಡುತ್ತೀರಾ? ನಾಳೆ ಸಂಜೆಯೊಳಗೆ ಹೇಳಿದರೆ ಅನುಕೂಲ’ ಅಂತ ಕೇಳಬಹುದಿತ್ತು. ಹಾಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅನುಭವ ಇರುವ ನಟರೆಲ್ಲ ಕೇಳುತ್ತಾರೆ, ಅವರ ಏಜೆಂಟ್‌ಗಳ ಅರ್ಧ ಕೆಲಸವೇ ಅದು. ಅವರು ಹಾರಿಕೆಯ ಉತ್ತರ ಕೊಟ್ಟರೆ ಕೈಯಲ್ಲಿರುವ ಕೆಲಸ ಒಪ್ಪಿಕೊಳ್ಳಿ. ಒಪ್ಪಿಕೊಂಡೆ ಅಂತ ಅವರಿಗೂ ಒಂದು ಮೆಸೇಜ್ ಹಾಕಿ.

ಇನ್ನು, ನಿಮ್ಮನ್ನು ಯಾಕೆ ಬಿಟ್ಟರು? ಅದು ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ. ಗೊತ್ತಾದರೂ ಅದರಿಂದ ಕಲಿಯುವುದಕ್ಕೆ ಏನೂ ಇರಲಿಕ್ಕಿಲ್ಲ. ತಂಗಿ ಪಾತ್ರ ಅಂದಿರಿ. ನಾಯಕನ ಪಕ್ಕ ನಿಲ್ಲಿಸಿದರೆ ಒಡಹುಟ್ಟಿದವರ ಹಾಗೆ ಕಾಣಬೇಕು. ನಾಯಕ ಯಾರು ಅಂತ ಕೊನೆಗೆ ಬದಲಾದರೆ ತಂಗಿಯೂ ಬದಲಾಗುತ್ತಾಳೆ. ಎತ್ತರ ಹೊಂದಲಿಲ್ಲ, ವಯಸ್ಸು ಒಂಚೂರು ಜಾಸ್ತಿ ಕಂಡಿತು, ನಿರ್ಮಾಪಕರಿಗೆ ಜನ ಗುರುತಿಸುವ ಮುಖ ಬೇಕಿತ್ತು, ಶೂಟಿಂಗ್ ತಾರೀಖು ಮುಂದೆ ಹೋಯಿತು. ಕೆಲವು ಸಲ ಚಿತ್ರಕಥೆ ತಿದ್ದುವಾಗ ಪಾತ್ರವೇ ಮಾಯ ಆಗುತ್ತದೆ. ನೀವು ಎಷ್ಟು ಚೆನ್ನಾಗಿ ಮಾಡಿದಿರಿ ಅನ್ನುವುದು ಆ ಕೊಠಡಿಯಲ್ಲಿ ನಡೆಯುವ ಹತ್ತು ಲೆಕ್ಕಗಳಲ್ಲಿ ಒಂದು. ಆದರೆ ನಿಮ್ಮ ಕೈಯಲ್ಲಿರುವುದು ಅದೊಂದೇ. ಎರಡನೇ ಸಲ ಕರೆಸಿದರಲ್ಲ, ಅದರ ಅರ್ಥ ನಿಮ್ಮ ನಟನೆ ಅವರಿಗೆ ಹಿಡಿಸಿತ್ತು. ಆ ಒಂದು ವಿಷಯವನ್ನು ನಂಬಿ, ಉಳಿದದ್ದನ್ನು ಕೆದಕಬೇಡಿ.

ಫೋನ್ ಕೆಳಗಿಡಲು ಆಗುತ್ತಿಲ್ಲ ಅಂದಿರಿ. ಅದಕ್ಕೆ ನಾಚಿಕೆಪಡಬೇಡಿ, ಮನಸ್ಸು ಇರುವುದೇ ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿಯನ್ನು ಕುಕ್ಕಿದರೆ ಕಾಳು ಸಿಗುವ ಏರ್ಪಾಡು. ಪ್ರತಿ ಸಲವೂ ಕಾಳು ಕೊಡುತ್ತಿದ್ದು ಆಮೇಲೆ ನಿಲ್ಲಿಸಿದರೆ ಹಕ್ಕಿ ಬೇಗ ಸುಮ್ಮನಾಗುತ್ತಿತ್ತು. ಯಾವಾಗಲೋ ಒಮ್ಮೆ, ಲೆಕ್ಕವೇ ಸಿಗದ ಹಾಗೆ ಕೊಟ್ಟಿದ್ದರೆ ಮಾತ್ರ ಕಾಳು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತಿತ್ತು. ಆಡಿಶನ್ ಕರೆಗಳು ಬರುವುದು ಹೀಗೇ ಅಲ್ವಾ? ಯಾವಾಗಲೋ ಒಮ್ಮೆ, ಲೆಕ್ಕವಿಲ್ಲದೆ.

ಇದರಲ್ಲಿ ನೀವು ತಿಳಿದಿರಬೇಕಾದ ಇನ್ನೊಂದು ಮಾತಿದೆ, ಸ್ವಲ್ಪ ಕಹಿ. ‘ಎಷ್ಟು ಪ್ರಯತ್ನಪಟ್ಟರೂ ಇದನ್ನು ಬಿಡಲು ಆಗುತ್ತಿಲ್ಲ, ಅಂದರೆ ನಟನೆ ನನ್ನ ರಕ್ತದಲ್ಲೇ ಇದೆ’ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗೇನೂ ಇರಬೇಕಾಗಿಲ್ಲ. ಬಿಡಲಾಗದಿರುವುದು ಬರೀ ಆ ಕಾಳಿನ ಆಸೆಯೂ ಆಗಿರಬಹುದು. ಯಾರೂ ಆಯ್ಕೆ ಮಾಡದಿದ್ದಾಗಲೂ, ಯಾರೂ ನೋಡದಿದ್ದಾಗಲೂ ನಟಿಸಬೇಕು ಅನ್ನಿಸುತ್ತದಾ ಅಂತ ನೋಡಿಕೊಳ್ಳಿ. ನಿಮ್ಮ ಮಟ್ಟಿಗೆ ಅದಕ್ಕೆ ಉತ್ತರ ಭಾನುವಾರದ ನಾಟಕದಲ್ಲಿದೆ. ಆ ನಾಟಕವನ್ನೇ ಬಿಟ್ಟಿದ್ದೀರಿ ಅಂತ ಓದಿದಾಗ ಅದಕ್ಕೇ ನನಗೆ ಸಿಟ್ಟು ಬಂತು.

ಈ ವಾರವೇ ತಂಡಕ್ಕೆ ವಾಪಸ್ ಹೋಗಿ. ರಿಹರ್ಸಲ್ ನಡುವೆ ಆಡಿಶನ್ ಕರೆ ಬಂದರೆ? ಒಂದು ಗಂಟೆ ತಡವಾಗಿ ಫೋನ್ ಎತ್ತಿದಿರಿ ಅಂತ ಪಾತ್ರ ಕಳೆದುಹೋಗುವುದು ಅಪರೂಪ. ನಿಮಗೆ ನಿಜವಾಗಿ ಬೇಕಿರುವುದು ಬಾಯಿಂದ ಮಾತು ಹೊರಡುವ ಅಭ್ಯಾಸ, ಎದುರಿರುವ ನಟ ಹೇಳಿದ್ದನ್ನು ಕಿವಿಗೊಟ್ಟು ಕೇಳುವ ಅಭ್ಯಾಸ. ಮನೆಯಲ್ಲಿ ಕೂತು ಕಾದರೆ ಇವೆರಡೂ ಮೊದಲು ತುಕ್ಕು ಹಿಡಿಯುತ್ತವೆ. ಆಮೇಲೆ ಆಡಿಶನ್‌ಗೆ ಹೋದರೆ ಕೈಕಾಲು ನಡುಗುತ್ತದೆ. ತಪ್ಪು ಧೈರ್ಯದ್ದಲ್ಲ, ರೂಢಿ ತಪ್ಪಿರುತ್ತದೆ.

ಸೆಲ್ಫ್ ಟೇಪ್ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೂರು ಟೇಕ್, ಅಷ್ಟೇ. ನಾಲ್ಕನೆಯದರಿಂದ ನೀವು ನಟಿಸುತ್ತಿರುವುದಿಲ್ಲ, ನಿಮ್ಮ ಮುಖದಲ್ಲಿ ತಪ್ಪು ಹುಡುಕುತ್ತಿರುತ್ತೀರಿ. ರಾತ್ರಿ ಎರಡು ಗಂಟೆಯ ಟೇಕ್‌ನಲ್ಲಿ ಕಾಣುವುದು ಸುಸ್ತು. ತಯಾರಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ಬೇರೆ ಥರ ಹೇಳಿಲ್ಲದಿದ್ದರೆ ಫೋನನ್ನು ಅಡ್ಡಲಾಗಿ, ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ. ಎದೆಯಿಂದ ಮೇಲಕ್ಕೆ ಫ್ರೇಮ್ ಇರಲಿ, ಹಿಂದೆ ಖಾಲಿ ಗೋಡೆ ಇರಲಿ. ಬೆಳಕು ಎದುರಿನಿಂದ ಬೀಳಬೇಕು. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಎದುರು ಪಾತ್ರದ ಮಾತನ್ನು ಅಕ್ಕ ಓದಲಿ. ಅವರು ಕ್ಯಾಮೆರಾಗೆ ಅಂಟಿಕೊಂಡ ಹಾಗೆ ಪಕ್ಕದಲ್ಲೇ ನಿಲ್ಲಬೇಕು. ಆಗ ನಿಮ್ಮ ಕಣ್ಣು ನೋಡುವವರಿಗೆ ಕಾಣುತ್ತದೆ. ಮೆಲ್ಲಗೆ ಓದಲು ಹೇಳಿ, ಫೋನಿಗೆ ಹತ್ತಿರ ಇರುವ ಅವರ ದನಿ ನಿಮ್ಮದನ್ನು ನುಂಗಿಬಿಡುತ್ತದೆ. ಮೂರರಲ್ಲಿ ಒಳ್ಳೆಯದನ್ನು ಅಕ್ಕನೇ ಆರಿಸಲಿ. ಕಳಿಸಿದ ತಕ್ಷಣ ಫೋನಿನಿಂದ ಅಳಿಸಿ, ಮತ್ತೆ ಮತ್ತೆ ನೋಡುವುದಕ್ಕೆ ಏನೂ ಉಳಿಯಬಾರದು.

ಹಾಲಿವುಡ್ ನಟ ಬ್ರಯನ್ ಕ್ರಾನ್ಸ್‌ಟನ್ ಇದನ್ನು ಬಹಳ ಸಲ ಹೇಳಿದ್ದಾರೆ. ಆಡಿಶನ್‌ಗೆ ಹೋಗುವುದು ಕೆಲಸ ಕೇಳುವುದಕ್ಕಲ್ಲ, ಆ ಪಾತ್ರವನ್ನು ಮಾಡಿ ತೋರಿಸಿ ಹೊರಗೆ ಬರುವುದಕ್ಕೆ ಅಂತ. ಗೆದ್ದವರು ಹೇಳುವುದು ಸುಲಭ ಅಂತ ನೀವು ಅನ್ನಬಹುದು. ಆದರೆ ಅವರು ಅದನ್ನು ಕಂಡುಕೊಂಡಿದ್ದು ದೊಡ್ಡ ಹೆಸರು ಬರುವ ಮೊದಲು, ಆಡಿಶನ್‌ಗಳಿಗೆ ಅಲೆಯುತ್ತಿದ್ದಾಗ.

ಇನ್ನೆಷ್ಟು ವರ್ಷ? ಇದಕ್ಕೆ ಜನ ದೊಡ್ಡವರ ಉದಾಹರಣೆ ಕೊಡುತ್ತಾರೆ. ಬ್ರಿಟಿಷ್ ನಟ ಅಲನ್ ರಿಕ್‌ಮನ್ ಮೊದಲ ಸಿನಿಮಾ ತೆರೆಗೆ ಬಂದಿದ್ದು 1988ರಲ್ಲಿ, ಆಗ ಅವರಿಗೆ 42 ವರ್ಷ. ಇದನ್ನು ಕೇಳಿ ‘ಹಾಗಾದರೆ ನನಗಿನ್ನೂ 16 ವರ್ಷ ಇದೆ’ ಅಂತ ಲೆಕ್ಕ ಹಾಕಬೇಡಿ. ಅಷ್ಟೇ ವರ್ಷ ಕಾದು ಏನೂ ಆಗದವರ ಕಥೆಯನ್ನು ಯಾರೂ ಬರೆಯುವುದಿಲ್ಲ. ರಿಕ್‌ಮನ್ ವಿಷಯದಲ್ಲಿ ನೋಡಬೇಕಾದ್ದು ಬೇರೆ. ಅವರು ಮೊದಲು ಗ್ರಾಫಿಕ್ ಡಿಸೈನ್ ಮಾಡಿಕೊಂಡಿದ್ದವರು. 26ನೇ ವಯಸ್ಸಿನಲ್ಲಿ, ನಿಮ್ಮದೇ ವಯಸ್ಸಿನಲ್ಲಿ, ನಟನಾ ಶಾಲೆ ಸೇರಿದರು. ಆಮೇಲೆ ಆ ಸಿನಿಮಾದವರೆಗೂ ನಾಟಕ ಆಡುತ್ತಿದ್ದರು, ಟಿವಿಯಲ್ಲಿ ಮಾಡುತ್ತಿದ್ದರು. ಸಿನಿಮಾ ತಡವಾಗಿ ಬಂತು, ನಟನೆ ಯಾವತ್ತೂ ನಿಂತಿರಲಿಲ್ಲ.

ಹಾಗಾಗಿ ಇಷ್ಟು ವರ್ಷ ಅಂತ ಗಡುವು ಹಾಕಿಕೊಳ್ಳುವ ಬದಲು ಆರು ತಿಂಗಳಿಗೊಮ್ಮೆ ಕೂತು ನೋಡಿ. ಈ ಆರು ತಿಂಗಳಲ್ಲಿ ನಾನು ಏನೇನು ಆಡಿದೆ? ಒಮ್ಮೆ ನೋಡಿದವರು ಮತ್ತೆ ಕರೆದರಾ? ಪಾತ್ರ ಸಿಗದಿದ್ದರೂ ಎರಡನೇ ಸುತ್ತಿಗೆ ಕರೆ ಬರುತ್ತಿದ್ದರೆ ನಿಮ್ಮ ದಾರಿ ಸರಿ ಇದೆ. ಎರಡು ಮೂರು ಸಲ ಹೀಗೆ ನೋಡಿದರೂ ಒಬ್ಬರೂ ಮತ್ತೆ ಕರೆಯುತ್ತಿಲ್ಲ ಅಂದರೆ ಏನೋ ಬದಲಾಗಬೇಕು. ಅದು ತರಬೇತಿಯೋ, ಹುಡುಕುತ್ತಿರುವ ಪಾತ್ರದ ಥರವೋ, ಮಾಧ್ಯಮವೋ ಇರಬಹುದು. ಡಬ್ಬಿಂಗ್, ಧ್ವನಿ ನಾಟಕ, ಮಕ್ಕಳಿಗೆ ಅಭಿನಯ ಹೇಳಿಕೊಡುವುದು, ಇವೂ ನಟರ ಕೆಲಸಗಳೇ. ಮತ್ತೆ, ಆಡುವಾಗಲೇ ಖುಷಿ ಆಗುತ್ತಿಲ್ಲ ಅನ್ನಿಸಿದರೆ ಬಿಟ್ಟುಬಿಡಿ. ಅದನ್ನು ಸೋಲು ಅಂತ ನಾನಂತೂ ಕರೆಯುವುದಿಲ್ಲ.

ದುಡ್ಡಿನ ವಿಷಯ. ಒಂದು ಸಂಪಾದನೆ ಹುಡುಕಿಕೊಳ್ಳಿ, ಇದನ್ನು ಮುಂದೂಡಬೇಡಿ. ಹೇಳಿದ ದಿನ ರಜೆ ಸಿಗುವಂಥ, ತಲೆ ಪೂರ್ತಿ ತಿಂದುಹಾಕದಂಥ ಅರೆಹೊತ್ತಿನ ಕೆಲಸ. ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ಸಣ್ಣಪುಟ್ಟ ಪಾತ್ರಗಳ ಕಾಲದಲ್ಲಿ ಸಂಸಾರ ಸಾಕಿದ್ದು ಬಡಗಿ ಕೆಲಸದಿಂದ. ಕೆಲಸಕ್ಕೆ ಸೇರಿದರೆ ಮನಸ್ಸು ಚದುರುತ್ತದೆ ಅನ್ನುವವರ ಮಾತು ಕೇಳಬೇಡಿ. ಕೈಯಲ್ಲಿ ನಾಲ್ಕು ಕಾಸಿದ್ದವರು ಆಡಿಶನ್‌ನಲ್ಲಿ ಹಗುರಾಗಿರುತ್ತಾರೆ, ಅದು ಕ್ಯಾಮೆರಾಗೂ ಕಾಣುತ್ತದೆ. ಕೆಟ್ಟ ಷರತ್ತುಗಳಿಗೆ ಬೇಡ ಅನ್ನುವ ಧೈರ್ಯವೂ ಅಲ್ಲಿಂದಲೇ ಬರುವುದು.

ಅಕ್ಕನಿಗೆ ‘ಇನ್ನೇನು ಸಿಕ್ಕೇ ಬಿಡುತ್ತೆ’ ಅಂತ ಹೇಳುತ್ತಾ ಇದ್ದೀರಿ ಅನ್ನಿಸುತ್ತದೆ. ಹಾಗೆ ಹೇಳಿದಾಗಲೆಲ್ಲ ನಿಮಗೇ ಒತ್ತಡ ಜಾಸ್ತಿ. ಬದಲಿಗೆ ತಿಂಗಳಿಗೆ ಇಷ್ಟು ನಾನು ಕೊಡುತ್ತೇನೆ, ಇಂಥ ತಿಂಗಳು ಕೂತು ಮತ್ತೆ ಯೋಚಿಸುತ್ತೇನೆ ಅಂತ ಹೇಳಿ. ಮನೆಯವರಿಗೆ ತಾರೀಖು ಗೊತ್ತಿದ್ದರೆ ದಿನಾ ‘ಏನಾಯ್ತು?’ ಅಂತ ಕೇಳುವುದು ನಿಲ್ಲುತ್ತದೆ.

ಗೆಳತಿಗೆ ಒಂದು ಫೋನ್ ಮಾಡಿ. ಹೊಟ್ಟೆಕಿಚ್ಚು ಹೋದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ, ಅದು ಪೂರ್ತಿ ಹೋಗುವುದಿಲ್ಲ. ‘ನನಗೂ ಆಸೆ ಇತ್ತು ಕಣೇ, ಆದರೂ ಖುಷಿಯಾಯ್ತು’ ಅಂತ ಇದ್ದಿದ್ದನ್ನೇ ಹೇಳಿ. ಹೊಸ ಸೆಟ್ಟಿನಲ್ಲಿ ಅವಳಿಗೂ ದಿಗಿಲಿರುತ್ತದೆ, ಗೊತ್ತಿರುವ ದನಿ ಬೇಕಾಗಿರುತ್ತದೆ.

ಕೋಆರ್ಡಿನೇಟರ್‌ಗೆ ಒಂದು ಪೈಸೆ ಕೊಡಬೇಡಿ. ಪಾತ್ರ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ನಿಯತ್ತಿನ ಏಜೆಂಟ್‌ಗಳು ಕಮಿಷನ್ ತಗೊಳ್ಳುವುದು ನಿಮಗೆ ಕೆಲಸ ಕೊಡಿಸಿ ಸಂಭಾವನೆ ಬಂದ ಮೇಲೆ, ಅದರಲ್ಲಿ ಒಂದು ಪಾಲು. ನೋಂದಣಿ ಶುಲ್ಕ, ‘ನಮ್ಮಲ್ಲೇ ಫೋಟೋ ತೆಗೆಸಬೇಕು’, ಡಿಪಾಸಿಟ್ ಅಂತ ಯಾರೇ ಅಂದರೂ ಅಲ್ಲಿಗೆ ಮಾತು ಮುಗಿಸಿ. ಹೋಟೆಲ್ ರೂಮಿನಲ್ಲಿ ಅಥವಾ ಯಾರದೋ ಮನೆಯಲ್ಲಿ ಒಬ್ಬರೇ ಬನ್ನಿ ಅಂದರೆ ಹೋಗಬೇಡಿ, ಎಷ್ಟೇ ದೊಡ್ಡ ಹೆಸರಾಗಿರಲಿ. ಯಾರನ್ನಾದರೂ ಜೊತೆಗೆ ಕರೆತರುತ್ತೇನೆ ಅಂದಾಗ ಅವರು ಹಿಂದೇಟು ಹಾಕಿದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ಕೊನೆಗೆ ನಿದ್ದೆ. ಪೋಸ್ಟರ್ ನೋಡಿದ ಬೇಜಾರಿಗೆ ನಾಲ್ಕು ದಿನ ನಿದ್ದೆ ಕೆಡುವುದು ಸಹಜ. ಎರಡು ವಾರ ದಾಟಿದ ಮೇಲೂ ಹೀಗೇ ಇದ್ದರೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಅನ್ನಿಸುವ ಯೋಚನೆಗಳು ಬರುತ್ತಿದ್ದರೆ ಅದಕ್ಕೆ ಆಡಿಶನ್‌ನಲ್ಲಿ ಪರಿಹಾರ ಇಲ್ಲ. ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಬದುಕು ಬೇಡ ಅನ್ನಿಸಿದರಂತೂ ಎರಡು ವಾರವಲ್ಲ, ಅವತ್ತೇ ಅಕ್ಕನಿಗೆ ಹೇಳಿ, ಅವರನ್ನು ಕರೆದುಕೊಂಡೇ ಹೋಗಿ. ಇವತ್ತಿನ ಮಟ್ಟಿಗೆ ಫೋನನ್ನು ಮಲಗುವ ಕೋಣೆಯಿಂದ ಹೊರಗಿಡಿ. ರಾತ್ರಿ ಹನ್ನೊಂದರ ಮೇಲೆ ಯಾರೂ ಪಾತ್ರ ಕೊಡಲು ಫೋನ್ ಮಾಡುವುದಿಲ್ಲ, ಮಾಡಿದರೂ ಅಂಥವರ ಪಾತ್ರ ನಿಮಗೆ ಬೇಡ.