ಒಮೆಗಾ-ಸಿ ಆಯಸ್ಸು: 69 ಸರಿಯೋ, 270 ಸರಿಯೋ?

ಪ್ರಶ್ನೆ: ಕ್ವಾರ್ಕ್ ಎಂಬ ಮೂಲಕಣಗಳು ಮೂರು ಸೇರಿದರೆ ಬೇರಿಯಾನ್ (ಪ್ರೋಟಾನಿನ ಹಾಗೆ), ಆ ಮೂರರಲ್ಲಿ ಒಂದು ಚಾರ್ಮ್ ಕ್ವಾರ್ಕ್ ಆಗಿದ್ದರೆ ಅದು ಚಾರ್ಮ್ ಬೇರಿಯಾನ್ ಎಂದು ಓದಿದ್ದೇನೆ. ಒಡೆಯುವುದು ಆ ಚಾರ್ಮ್ ಕ್ವಾರ್ಕೇ ಆದರೆ, ಎಲ್ಲದರ ಆಯಸ್ಸೂ ಒಂದೇ ಇರಬೇಕಲ್ವಾ? ಒಮೆಗಾ-ಸಿ ಎಂಬ ಚಾರ್ಮ್ ಬೇರಿಯಾನಿನ ಆಯಸ್ಸು ಹಳೆ ಪುಸ್ತಕದಲ್ಲಿ 69 ಫೆಮ್ಟೋಸೆಕೆಂಡ್ ಇದೆ, ಈಗ 270ರ ಹತ್ತಿರ ಅಂತಾರೆ. ಯಾವುದು ಸರಿ?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಹೊಸದೇ ಸರಿ. ನಿಮ್ಮ ಪುಸ್ತಕವನ್ನು ಬೈಯಬೇಡಿ, 2018ರವರೆಗೆ ಎಲ್ಲರೂ ನಂಬಿದ್ದು 69 ಅಂತಲೇ. (ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲು ಅಂದರೆ 1000 ಫೆಮ್ಟೋಸೆಕೆಂಡ್!)

ನಿಮ್ಮ ತರ್ಕ ಅರ್ಧ ಸರಿ. ಚಾರ್ಮ್ ಕ್ವಾರ್ಕ್ ಸಾಮಾನ್ಯವಾಗಿ ಸ್ಟ್ರೇಂಜ್ ಕ್ವಾರ್ಕ್ ಆಗಿ ಬದಲಾಗುತ್ತದೆ. ಆದರೆ ಪಕ್ಕದ ಎರಡು ಕ್ವಾರ್ಕ್‌ಗಳು ಸುಮ್ನೆ ಕೂರುವುದಿಲ್ಲ. ಲ್ಯಾಂಬ್ಡಾ-ಸಿ ಎಂಬ ಇನ್ನೊಂದು ಚಾರ್ಮ್ ಬೇರಿಯಾನಿನಲ್ಲಿ ಅಪ್, ಡೌನ್, ಚಾರ್ಮ್ ಕ್ವಾರ್ಕ್‌ಗಳಿವೆ. ಇದರಲ್ಲಿ ಚಾರ್ಮ್ ಮತ್ತು ಡೌನ್ ತಮ್ಮೊಳಗೇ ಡಬ್ಲ್ಯೂ ಕಣ (ಕ್ವಾರ್ಕಿನ ಜಾತಿ ಬದಲಿಸುವ ಕಣ) ಬದಲಾಯಿಸಿಕೊಂಡು ಸ್ಟ್ರೇಂಜ್ ಮತ್ತು ಅಪ್ ಆಗಿಬಿಡಬಹುದು. ಒಡೆಯಲು ಇನ್ನೊಂದು ದಾರಿ ಸಿಕ್ಕಿತು, ಆಯಸ್ಸು ಸುಮಾರು 202 ಫೆಮ್ಟೋಸೆಕೆಂಡಿಗೆ ಇಳಿಯಿತು. ಡೌನ್ ಜಾಗದಲ್ಲಿ ಸ್ಟ್ರೇಂಜ್ ಇರುವ ಕ್ಸೈ-ಸಿ ಪ್ಲಸ್‌ಗೆ ಆ ದಾರಿ ಹೆಚ್ಚುಕಡಿಮೆ ಬಂದ್. ಅದು 450ರಷ್ಟು ಬದುಕುತ್ತದೆ.

ಒಮೆಗಾ-ಸಿಯಲ್ಲಿ ಎರಡು ಸ್ಟ್ರೇಂಜ್ ಇವೆ. ಚಾರ್ಮ್ ಒಡೆದಾಗ ಹುಟ್ಟುವುದೂ ಸ್ಟ್ರೇಂಜೇ. ಒಂದೇ ಜಾತಿಯವು ಸೇರಿದಾಗ ಒಡೆತ ಜೋರಾಗುತ್ತದೆ, ಹಾಗಾಗಿ ಇದೇ ಎಲ್ಲಕ್ಕಿಂತ ಅಲ್ಪಾಯುಷಿ ಎಂಬುದು ಆಗಿನ ಲೆಕ್ಕ. ಹಳೆಯ ಪ್ರಯೋಗಗಳೂ ಹೌದು ಅಂದವು. ಆದರೆ ಯಾವ ಪ್ರಯೋಗಕ್ಕೂ ನೂರು ಒಮೆಗಾ-ಸಿ ಸಿಕ್ಕಿರಲಿಲ್ಲ. 2018ರಲ್ಲಿ ಜಿನೀವಾ ಬಳಿಯ ಕಣ ಪ್ರಯೋಗಾಲಯ ಸರ್ನ್‌ನ ಎಲ್‌ಎಚ್‌ಸಿಬಿ ತಂಡ ಸುಮಾರು ಸಾವಿರ ಹಿಡಿದು ಅಳೆಯಿತು. ಬಂದ ಉತ್ತರ 268, ಹಳೆಯದರ ನಾಲ್ಕು ಪಟ್ಟು!

ಇಷ್ಟು ಚಿಕ್ಕ ಹೊತ್ತನ್ನು ಅಳೆದದ್ದು ಹೇಗೆ? ಅಳೆದದ್ದು ದೂರವನ್ನು. 270 ಫೆಮ್ಟೋಸೆಕೆಂಡಿನಲ್ಲಿ ಬೆಳಕು ಓಡುವುದು ಒಂದು ಕೂದಲೆಳೆಯ ದಪ್ಪದಷ್ಟು. ಆದರೆ ಸರ್ನ್‌ನ ಕಣ ಡಿಕ್ಕಿ ಯಂತ್ರ ಎಲ್‌ಎಚ್‌ಸಿಯಲ್ಲಿ ಹುಟ್ಟುವ ಕಣದ ವೇಗ ಬೆಳಕಿನ ವೇಗಕ್ಕೆ ತೀರಾ ಹತ್ತಿರ. ಐನ್‌ಸ್ಟೈನ್ ಹೇಳಿದಂತೆ ಅದರ ಕಾಲ ನಿಧಾನವಾಗಿ, ಮಿಲಿಮೀಟರುಗಟ್ಟಲೆ ಹೋಗುತ್ತದೆ. ಕೊನೆಗೆ ಒಂದು ಪ್ರೋಟಾನ್, ಎರಡು ಕೇಯಾನ್, ಒಂದು ಪಯಾನ್ (ಇವೆರಡೂ ಪ್ರೋಟಾನಿಗಿಂತ ಹಗುರ ಕಣಗಳು) ಆಗಿ ಸಿಡಿಯುತ್ತದೆ. ಈ ನಾಲ್ಕರ ಜಾಡನ್ನು ಸಿಲಿಕಾನ್ ಪಟ್ಟಿಗಳಲ್ಲಿ ಹಿಡಿದು, ಗೆರೆಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಗೆರೆಗಳು ಕೂಡುವ ಜಾಗದಲ್ಲಿ ಒಮೆಗಾ-ಸಿ ಸತ್ತಿತು. ಅದು ಹುಟ್ಟಿದ ಜಾಗ, ಒಮೆಗಾ-ಬಿ ಎಂಬ ಇನ್ನೂ ಭಾರದ ಕಣ ಒಡೆದಲ್ಲಿ. ನಡುವಿನ ದೂರ ಮತ್ತು ವೇಗ ಗೊತ್ತಾದರೆ ಆಯಸ್ಸು ಸಿಕ್ಕಂತೆ.

ಇಷ್ಟಾದರೂ ಅನುಮಾನ ಇದ್ದೇ ಇತ್ತು. ಅದೇ ತಂಡ ಬೇರೆ ದಾರಿಯಲ್ಲಿ ಹುಟ್ಟಿದ ಒಮೆಗಾ-ಸಿಗಳನ್ನೂ ಅಳೆಯಿತು, 276 ಬಂತು. 2022ರಲ್ಲಿ ಜಪಾನಿನ ಬೆಲ್-2 ಪ್ರಯೋಗಕ್ಕೆ 243 ಸಿಕ್ಕಿತು. ಅದರ ಅನಿಶ್ಚಿತತೆ ಜಾಸ್ತಿ, 50ರ ಹತ್ತಿರ. ಆದರೂ 69ರಿಂದ ಎಷ್ಟೋ ದೂರ.

ಹಾಗಾದರೆ ಸಿದ್ಧಾಂತ ಎಡವಿದ್ದೆಲ್ಲಿ? ಈ ಲೆಕ್ಕ ಮಾಡುವುದು ಕ್ವಾರ್ಕ್ ಬಹಳ ಭಾರ ಎಂದಿಟ್ಟುಕೊಂಡು. ಚಾರ್ಮ್ ಅಷ್ಟೇನೂ ಭಾರವಿಲ್ಲ, ಪ್ರೋಟಾನಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಚಿಕ್ಕವು ಎಂದು ಬಿಟ್ಟಿದ್ದ ತಿದ್ದುಪಡಿಗಳು ಇಲ್ಲಿ ದೊಡ್ಡವೇ ಆಗಿದ್ದವು. ಅವನ್ನು ಸೇರಿಸಿದರೆ, ಸ್ಟ್ರೇಂಜ್‌ಗಳು ಒಡೆತಕ್ಕೆ ಕೊಡುವ ಜೋರು ತಗ್ಗಿ ಆಯಸ್ಸು ಉದ್ದವಾಗುತ್ತದೆ.

ಪುಸ್ತಕದಲ್ಲಿ ತಿದ್ದಿಕೊಳ್ಳುವುದಾದರೆ ಈಗಿನ ಸಾಲು ಹೀಗಿದೆ: ಎಲ್ಲಕ್ಕಿಂತ ದೀರ್ಘಾಯುಷಿ ಕ್ಸೈ-ಸಿ ಪ್ಲಸ್, ಆಮೇಲೆ ಒಮೆಗಾ-ಸಿ, ಆಮೇಲೆ ಲ್ಯಾಂಬ್ಡಾ-ಸಿ. ಕೊನೆಯದು 150ರಲ್ಲೇ ಮುಗಿಯುವ ಕ್ಸೈ-ಸಿ ಝೀರೋ (ಇದರಲ್ಲಿ ಡೌನ್, ಸ್ಟ್ರೇಂಜ್, ಚಾರ್ಮ್ ಇವೆ).