ಸವೆದ ಹೆಬ್ಬೆರಳು ಮತ್ತು ಚಾಲನಾ ಪರವಾನಗಿ
ಭತ್ತದ ನಾಟಿಯಲ್ಲಿ ಸವೆದ ಹೆಬ್ಬೆರಳನ್ನು ಯಂತ್ರ ಓದದಿದ್ದರೆ ಪರವಾನಗಿ ತಪ್ಪುತ್ತದೆಯೇ, ಕೊಟ್ಟ ಬೆರಳಚ್ಚು ಪೊಲೀಸರಿಗೆ ಹೋಗುತ್ತದೆಯೇ ಎಂದು ಸಿಂಧನೂರಿನಿಂದ ಕೇಳಿದ್ದೀರಿ.

ಮೊದಲನೆಯದಕ್ಕೆ ಹೆದರಬೇಡಿ. 1988ರ ಮೋಟಾರು ವಾಹನ ಕಾಯ್ದೆ ನೋಡುವುದು ವಯಸ್ಸು, ಆರೋಗ್ಯ, ಚಾಲನೆಯ ಅರಿವನ್ನು. ರೇಖೆ ಮಾಸಿದ ಬೆರಳು ಅನರ್ಹತೆಯಲ್ಲ. ಕಲಿಕಾ ಪರವಾನಗಿಗೆ ಕೇಂದ್ರ ಸಾರಿಗೆ ಸಚಿವಾಲಯದ ‘ಸಾರಥಿ’ ಜಾಲತಾಣದಲ್ಲಿ ಆಧಾರ್ ಮೂಲಕ ಅರ್ಜಿ ಹಾಕಿದರೆ ಮೊಬೈಲಿಗೆ ಬರುವ ಒಟಿಪಿ ಸಾಕು. ಸಾರಿಗೆ ಕಚೇರಿಯಲ್ಲಿ ಬೆರಳಿಡುವಾಗ ಮಾತ್ರ ತಾಳ್ಮೆ ಬೇಕು. ಹತ್ತಿ ಬಿಡಿಸಿ ಒರಟಾದ ನನ್ನ ಹೆಬ್ಬೆರಳನ್ನು ಯಂತ್ರ ಮೂರು ಬಾರಿ ತಿರಸ್ಕರಿಸಿತ್ತು. ಕೈ ತೊಳೆದು, ಒದ್ದೆ ಬಟ್ಟೆಯಿಂದ ಬೆರಳನ್ನೂ ಯಂತ್ರದ ಗಾಜನ್ನೂ ಒರೆಸಿದ ಮೇಲೆ ಒಪ್ಪಿಕೊಂಡಿತು. (ರಾಯಚೂರಿನ ಬಿಸಿಲಿನಲ್ಲಿ ಒಣಗದ ಬೆರಳು ಯಾರದ್ದಿದೆ ಹೇಳಿ!)

ಎರಡನೆಯದು ಅಷ್ಟು ಸರಳವಲ್ಲ. ಪೊಲೀಸರು ಬೆರಳಚ್ಚು ಪಡೆಯಲು 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯಿದೆ. ಅದು ಬಂಧಿತರು, ಶಿಕ್ಷೆಗೊಳಗಾದವರು ಮುಂತಾದವರಿಗೆ, ಪರವಾನಗಿಯ ಅರ್ಜಿದಾರರಿಗಲ್ಲ. ಆಧಾರ್‌ನ ಬೆರಳಚ್ಚನ್ನು ಯಾರಿಗೂ ಕೊಡಬಾರದೆಂದು 2016ರ ಆಧಾರ್ ಕಾಯ್ದೆಯ 29ನೇ ಕಲಂ ಹೇಳುತ್ತದೆ. ಆದರೆ ಸಾರಿಗೆ ಕಚೇರಿ ಪ್ರತ್ಯೇಕವಾಗಿ ಪಡೆದ ಗುರುತನ್ನು ಆ ಕಲಂ ಕಾಯುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಅನುಮಾನದಲ್ಲಿ ಹುರುಳಿದೆ.